ಅಪ್ಪನ ಮೇಲೆ ಅರವತ್ತಾರು ಸಿ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಸೈಬರ್ ಠಾಣೆಯ ಇನ್ಸ್‌ಪೆಕ್ಟರ್ ಜಗದೀಶ್ ಅವರೇ, ನಮ್ಮ ವಿಮಾ ನೌಕರರ ಬಡಾವಣೆ ನಿವಾಸಿಗಳ ಸಂಘದ ಕಾರ್ಯದರ್ಶಿ ಅನಂತರಾಮು ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಊಟದ ಪೆಂಡಾಲಿನ ಕಡೆಗೇ ನೋಡುತ್ತಿರುವ ಸಭಿಕರೇ,

ಅಧ್ಯಕ್ಷರು ನನ್ನ ತಂದೆ ಎಂಬುದು ಕೆ.ಆರ್. ಪುರದ ಈ ಬಡಾವಣೆಯಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಆದರೆ ವೇದಿಕೆಯ ಮೇಲೆ ಅವರು ಶ್ರೀ ಶಿವಶಂಕರಪ್ಪನವರು, ನಾನು ವಕೀಲೆ ಐಶ್ವರ್ಯಾ. ಭಾಷಣ ಮುಗಿಯುವವರೆಗೆ ಈ ಅಂತರವನ್ನು ಕಾಪಾಡಿಕೊಳ್ಳಬೇಕೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯ ಮಾಡಿದ್ದೇನೆ.

ನನಗೆ ಕೊಟ್ಟಿರುವ ವಿಷಯ ‘ಸೈಬರ್ ಅಪರಾಧಗಳು ಮತ್ತು ಶಿಕ್ಷೆಗಳು’. ಹೋದ ವರ್ಷದ ವಾರ್ಷಿಕೋತ್ಸವದಲ್ಲೂ ಇದೇ ವಿಷಯ ಕೊಟ್ಟಿದ್ದರು. ನಾನು ಮಾತಾಡಿದೆ, ನೀವು ಚಪ್ಪಾಳೆ ತಟ್ಟಿದಿರಿ, ನನಗೊಂದು ಶಾಲು ಬಂತು. ಪಾಸ್‌ವರ್ಡ್ ಎಂದರೆ ಮನೆಯ ಬೀಗದ ಕೈ ಇದ್ದ ಹಾಗೆ, ಯಾರಿಗೂ ಹೇಳಬೇಡಿ ಎಂದು ಗಂಟಲು ಹರಿದುಕೊಂಡಿದ್ದೆ. ಈಗ ಅರ್ಧ ಗಂಟೆಯ ಕೆಳಗೆ ಇದೇ ಮೈಕಿನಲ್ಲಿ ಅನಂತರಾಮು ಅವರು ಏನು ಘೋಷಿಸಿದರು? ಸಂಘದ ವೈಫೈ ಪಾಸ್‌ವರ್ಡ್! ಅದೂ ಎರಡು ಸಲ, ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೆಂದು. ಆ ಧ್ವನಿ ಹೊರಗೆ ರಸ್ತೆಯವರೆಗೂ ಹೋಗಿದೆ. ಎಳನೀರಿನ ಗಾಡಿಯವನೂ ಈಗ ನಮ್ಮ ಸಂಘದ ಸದಸ್ಯನೇ.

ನಾನು ಯಾರಿಗೆ ಹೇಳಲಿ? ಎಷ್ಟು ಸಲ ಹೇಳಲಿ?

ಇರಲಿ, ಕಾನೂನಿಗೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆ ಎಂದೊಂದು ಇದೆ, ಎರಡು ಸಾವಿರದ ಇಸವಿಯದು. ಅದರ ಅರವತ್ತಾರನೆಯ ಕಲಂ ಪ್ರಕಾರ, ಇನ್ನೊಬ್ಬರ ಕಂಪ್ಯೂಟರಿನೊಳಗೆ ಅನುಮತಿಯಿಲ್ಲದೆ, ಮೋಸದ ಉದ್ದೇಶದಿಂದ ನುಗ್ಗಿದರೆ ಮೂರು ವರ್ಷದವರೆಗೆ ಸೆರೆ, ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದು ಹಂಚಿದರೆ ಅರವತ್ತಾರು ಇ. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು ಅರವತ್ತಾರು ಎ ಬಗ್ಗೆ ಕೇಳುತ್ತೀರಿ. ಅದನ್ನು ಸುಪ್ರೀಂ ಕೋರ್ಟು ತೆಗೆದುಹಾಕಿ ಹತ್ತು ವರ್ಷ ದಾಟಿತು. ದಯವಿಟ್ಟು ಈ ವರ್ಷ ಕೇಳಬೇಡಿ.

ಇವತ್ತು ನಾನು ಹೇಳಬೇಕಾದದ್ದು ಅರವತ್ತಾರು ಸಿ ಮತ್ತು ಅರವತ್ತಾರು ಡಿ. ಇನ್ನೊಬ್ಬರ ಪಾಸ್‌ವರ್ಡನ್ನೋ, ಗುರುತನ್ನೋ ವಂಚನೆಯಿಂದ ಬಳಸಿದರೆ ಸಿ. ಫೋನಿನ ಮೂಲಕ ಇನ್ನೊಬ್ಬರಂತೆ ನಟಿಸಿ ಮೋಸ ಮಾಡಿದರೆ ಡಿ. ಎರಡಕ್ಕೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ವಾರಂಟ್ ಇಲ್ಲದೆಯೇ ಪೊಲೀಸರು ಹಿಡಿಯಬಹುದು. ಜಗದೀಶ್ ಸರ್, ಇನ್ನು ಮುಂದಿನ ಭಾಗದಲ್ಲಿ ತಾವು ಸ್ವಲ್ಪ ನಿಮ್ಮ ಫೋನ್ ನೋಡಿಕೊಳ್ಳುತ್ತಿದ್ದರೆ ಉಪಕಾರವಾಗುತ್ತದೆ.

ಉದಾಹರಣೆಗೆ ಒಂದು ಪ್ರಕರಣ ಹೇಳುತ್ತೇನೆ. ಹೆಸರುಗಳನ್ನು ಹೇಳುವುದಿಲ್ಲ.

ನನ್ನ ಆಫೀಸು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲೆ. ಕೆಳಗೆ ಕೂಗಾಟ, ಮೇಲೆ ಕಾನೂನು. ಹೋದ ಜೂನ್‌ನಲ್ಲಿ ಅಲ್ಲಿಗೆ ಒಬ್ಬ ಯುವಕ ಬಂದರು. ಇಂದಿರಾನಗರದಲ್ಲಿ ಕೆಲಸ, ಹಲಸೂರಿನಲ್ಲಿ ತಾಯಿಯ ಜೊತೆ ವಾಸ, ಮೂಲ ಗದಗ ಕಡೆ. ಹೆಸರು ಬಸವಪ್ರಭು. ನೋಡಿ, ಹೆಸರು ಹೇಳಿಬಿಟ್ಟೆ. ಇರಲಿ, ಅವರು ಬೇಸರ ಮಾಡಿಕೊಳ್ಳುವವರಲ್ಲ.

“ಮೇಡಂ, ಯಾರೋ ನಿಮ್ಮ ಫೋಟೋ ಹಾಕ್ಕೊಂಡು ಮ್ಯಾಟ್ರಿಮೊನಿಯೊಳಗ ಹುಡುಗರಿಗೆ ಮೋಸ ಮಾಡಾಕತ್ತಾರ. ನಿಮಗ ತಿಳಿಸಿ ಹೋಗೋಣ ಅಂತ ಬಂದೆ” ಎಂದರು.

ಫೋನ್ ತೋರಿಸಿದರು. ನನ್ನದೇ ಫೋಟೋ, ನನ್ನದೇ ಹೆಸರು, ಹುಟ್ಟಿದ ದಿನಾಂಕವೂ ಸರಿಯಾಗಿದೆ. ‘ನಾನು ಸಂಪ್ರದಾಯಸ್ಥ ಮನೆತನದ, ಮೃದು ಸ್ವಭಾವದ ಹುಡುಗಿ’ ಎಂದು ಬರೆದಿತ್ತು. ಮೃದು ಸ್ವಭಾವ! ನನ್ನ ಎದುರು ವಾದ ಮಾಡಿದ ಯಾವ ವಕೀಲರನ್ನಾದರೂ ಕೇಳಿ.

“ಇದು ಸುಳ್ಳು ಖಾತೆ ಅಂತ ನಿಮಗೆ ಹೇಗೆ ಅನುಮಾನ ಬಂತು?” ಎಂದು ಕೇಳಿದೆ.

“ಬರಿಯೋ ರೀತಿ ನೋಡಿದ್ರ ಗೊತ್ತಾಗ್ತದ್ರಿ. ಮೂವತ್ಮೂರು ವರ್ಷದ ಹುಡುಗಿ, ಬೆಳಿಗ್ಗೆ ಎದ್ದು ಎರಡು ಲೋಟ ಬಿಸಿನೀರು ಕುಡಿದ್ರ ಹೊಟ್ಟಿ ಹಗುರ ಆಗ್ತದ ಅಂತ ಬರೀತಾಳೇನ್ರಿ? ‘ನಮ್ಮ ಸರ್ವಿಸ್ ಕಾಲದಾಗ’ ಅಂತ ಬ್ಯಾರೆ ಬರದಾಳ.”

ಅಷ್ಟು ಹೊತ್ತಿಗೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನವೇ ಕುಳಿತು ಠಾಣೆಗೆ ಕೊಡುವ ದೂರನ್ನು ಸಿದ್ಧಪಡಿಸಿದೆ. ಸಿ ಹಾಕಿದೆ, ಡಿ ಹಾಕಿದೆ. ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಅಪ್ಪನಿಗೆ, ಕ್ಷಮಿಸಿ, ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿದೆ. ನನ್ನ ಗುರುತು ಕದ್ದವನನ್ನು ಬಿಡುವುದಿಲ್ಲ, ಮೂರು ವರ್ಷ ಒಳಗೆ ಕೂರಿಸುತ್ತೇನೆ ಎಂದೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

“ಬೇಲ್ ಸಿಗ್ತದೇನು?” ಎಂದು ಕೇಳಿದರು.

“ಸಿಗುತ್ತೆ. ಮೂರು ವರ್ಷದವರೆಗಿನ ಶಿಕ್ಷೆಯಾದರೆ ಜಾಮೀನು ಉಂಟು” ಎಂದು ಪಾಠ ಮಾಡಿದೆ.

“ಅರವತ್ತೆಂಟು ವಯಸ್ಸಿನವರಿಗೂ?”

“ಕಳ್ಳನಿಗೆ ವಯಸ್ಸು ಯಾಕಪ್ಪಾ?” ಎಂದೆ. ಅವರು ಪಲ್ಯ ಬಡಿಸಿಕೊಂಡರು. ನಾನು ಮಜ್ಜಿಗೆ ಕುಡಿದು ಮಲಗಿದೆ. ನಿಮ್ಮ ಮುಂದೆ ನಿಂತು ಉಪದೇಶ ಮಾಡುತ್ತಿರುವ ಸೈಬರ್ ತಜ್ಞೆಯ ಬುದ್ಧಿ ಇಷ್ಟು, ನೋಡಿ.

ಕೆಲವು ದಿನಗಳ ನಂತರ ವೆಬ್‌ಸೈಟಿನವರು ಆ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಕಳಿಸಿದರು. ನಮ್ಮ ಮನೆಯ ಗ್ಯಾಸ್ ಬುಕ್ ಆಗುವುದು ಅದೇ ನಂಬರಿನಿಂದ.

ಅಂತರ ಕಾಪಾಡಿಕೊಳ್ಳುತ್ತೇನೆ ಎಂದಿದ್ದೆ. ಆಗುತ್ತಿಲ್ಲ, ಕ್ಷಮಿಸಿ.

“ಇದೇನಪ್ಪಾ?” ಎಂದು ಕೇಳಿದರೆ ಇವರು ಏನೆಂದರು ಗೊತ್ತೇ? “ನಾ ಬರದ್ರೇನು, ನೀ ಬರದ್ರೇನು? ನಿನ್ನ ಕಡೆಯಿಂದ ನಾ ತುಂಬಿದೆ, ಅಷ್ಟs.”

ಇಲ್ಲಿರುವ ಅರ್ಧ ಜನ ವಿಮಾ ಇಲಾಖೆಯಲ್ಲಿ ಸವೆದವರು. ನಿಮಗೆ ಈ ಮಾತು ಅರ್ಥವಾಗುತ್ತದೆ, ಅದಕ್ಕೇ ನಗುತ್ತಿದ್ದೀರಿ. ಅಪ್ಪ ಸರ್ವಿಸ್ ಪೂರ್ತಿ ಮಾಡಿದ್ದು ಇದೇ ಕೆಲಸ. ಪಾಲಿಸಿ ಮಾಡಿಸುವವರು ಎದುರಿಗೆ ಕುಳಿತು ಚಹಾ ಕುಡಿಯುತ್ತಿರುತ್ತಾರೆ, ಇವರು ಅವರ ಅರ್ಜಿಯಲ್ಲಿ ‘ನಾನು ಆರೋಗ್ಯವಾಗಿದ್ದೇನೆ, ನನಗೆ ಯಾವ ದುರಭ್ಯಾಸವೂ ಇಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಕೊನೆಗೆ ಒಂದು ಸಹಿ. ಊರವರೆಲ್ಲರ ಪರವಾಗಿ ‘ನಾನು’ ಎಂದು ಬರೆದು ಬರೆದು ಈ ಮನುಷ್ಯನಿಗೆ ‘ನಾನು’ ಎಂದರೆ ಯಾರೆಂಬುದೇ ಮರೆತುಹೋಗಿದೆ. ಮಗಳ ‘ನಾನು’ ಯಾವ ಲೆಕ್ಕ? ಆದರೆ ಅಧ್ಯಕ್ಷರೇ, ಅಲ್ಲಿ ಕೊನೆಗೆ ಸಹಿಯಾದರೂ ಕೇಳುತ್ತಿದ್ದಿರಿ. ನನ್ನನ್ನು ಅದನ್ನೂ ಕೇಳಲಿಲ್ಲ.

ನಾನು ತಲೆ ತಗ್ಗಿಸಿಕೊಂಡು ಬಸವಪ್ರಭು ಅವರಿಗೆ ಫೋನ್ ಮಾಡಿದೆ. ಕಳ್ಳ ಸಿಕ್ಕಿದ್ದಾನೆ, ನಮ್ಮ ಮನೆಯಲ್ಲೇ ಇದ್ದಾನೆ, ಕ್ಷಮಿಸಿ ಎಂದೆ. ಅದಕ್ಕೆ ಅವರು ಹೇಳಿದ್ದು ಇದು:

“ಮೇಡಂ, ನಾನೂ ಒಂದ್ ಮಾತು ಮುಚ್ಚಿಟ್ಟಿದ್ದೆ. ಆ ಪ್ರೊಫೈಲಿನ ಜೋಡಿ ಮಾತಾಡಿದ್ದು ನಾನಲ್ಲರಿ. ನನ್ನ ಹೆಸರಿಲೆ ನಮ್ಮವ್ವ ಮಾತಾಡ್ಯಾಳ.”

ಸಭಿಕರೇ, ಈಗ ನೀವೇ ಹೇಳಿ. ಒಂದು ಕಡೆ ಐಶ್ವರ್ಯಾ ಎಂಬ ಹೆಸರಿನಲ್ಲಿ ಕೆ.ಆರ್. ಪುರದ ಶಿವಶಂಕರಪ್ಪ. ಇನ್ನೊಂದು ಕಡೆ ಬಸವಪ್ರಭು ಎಂಬ ಹೆಸರಿನಲ್ಲಿ ಹಲಸೂರಿನ ಪಾರ್ವತೆವ್ವ, ಗದಗಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಟೀಚರಮ್ಮ. ಚಳಿಗಾಲದಿಂದ ಮುಂಗಾರಿನವರೆಗೆ ಇಬ್ಬರೂ ದಿನಾ ಮಾತಾಡಿದ್ದಾರೆ. ಮದುವೆ ಆಗಬೇಕಾದ ನಾವಿಬ್ಬರು ಮಾತ್ರ ಕೋರ್ಟು ಕಚೇರಿ ಎಂದು ಓಡಾಡಿಕೊಂಡು, ಊಟ ಮಾಡಿಕೊಂಡು, ಆರಾಮಾಗಿದ್ದೇವೆ.

ವಕೀಲೆಯಾಗಿ ನಾನು ಆ ಸಂಭಾಷಣೆಯನ್ನು ಪೂರ್ತಿ ಓದಬೇಕಾಯಿತು. ಪ್ರೀತಿ ಪ್ರೇಮ ಅಂತ ಹುಡುಕಿದರೆ ಒಂದು ಸಾಲೂ ಇಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಪುಂಡಿಪಲ್ಯ, ಅಂದರೆ ಉತ್ತರ ಕರ್ನಾಟಕದ ಆ ಹುಳಿ ಸೊಪ್ಪು, ಎಲ್ಲಿ ಸಿಗುತ್ತದೆ ಎಂದು ಇವರು, ರಸೆಲ್ ಮಾರುಕಟ್ಟೆಯ ಗಡಿಯಾರದ ಬಾಗಿಲಿನ ಹತ್ತಿರ ಒಬ್ಬಾಕೆ ಇಟ್ಟುಕೊಂಡು ಕೂರುತ್ತಾಳೆ ಎಂದು ಅವರು. ಮೆಟ್ರೋದಲ್ಲಿ ಚಲಿಸುವ ಮೆಟ್ಟಿಲು ಹತ್ತಲು ಹೆದರಿಕೆ ಎಂದು ಅವರು, ನನಗೂ ಹಾಗೇ ಎಂದು ಇವರು. ಮೂವತ್ಮೂರರ ಐಶ್ವರ್ಯಾಗೆ ಎಸ್ಕಲೇಟರ್ ಹೆದರಿಕೆಯಂತೆ! ನನ್ನ ಮರ್ಯಾದೆ ಹೋದದ್ದು ಅಷ್ಟಿಷ್ಟಲ್ಲ.

ನಡುವೆ ಒಂದು ಕಡೆ ನನ್ನ ಹೆಸರಿನಲ್ಲಿ ಹೀಗೆ ಬರೆದಿತ್ತು: ‘ನಮ್ಮ ಅವ್ವ ಹೋದ ಮ್ಯಾಲೆ ಅಪ್ಪ ಒಬ್ಬಾತನs ಆಗ್ಯಾನ. ನಾ ಹೊತ್ತಾಗಿ ಮನಿಗೆ ಬರ್ತೀನಿ. ಅವನ ಮುಂದ ಎರಡು ಮಾತು ಕೂತು ಆಡಬೇಕು ಅನಸ್ತದ, ಆಗವಲ್ದು.’

ನಾನು ಇದನ್ನು ಸ್ಪಷ್ಟವಾಗಿ ನಿರಾಕರಿಸುತ್ತೇನೆ. ಇದು ನನ್ನ ಹೇಳಿಕೆಯಲ್ಲ. ನಾನು ಯಾರ ಮುಂದೆಯೂ ಹೀಗೆ ಹೇಳಿಲ್ಲ, ಮನಸ್ಸಿನಲ್ಲೂ ಅಂದುಕೊಂಡಿಲ್ಲ. ಸಂಜೆ ಕಕ್ಷಿದಾರರು ಬರುತ್ತಾರೆ, ಆಮೇಲೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್, ನಾನೇನು ಮಾಡಲಿ? ಆದರೂ ಆ ಸಾಲನ್ನು ಆಫೀಸಿನಲ್ಲಿ ಕುಳಿತು ಎಷ್ಟು ಸಲ ಓದಿದೆನೋ. ಮಗಳು ಹೇಳಿಯಾಳು ಅಂತ ಅಪ್ಪ ಕಾದು, ಕಾದು, ಕೊನೆಗೆ ತಾನೇ ಬರೆದುಕೊಂಡ ಮಾತು ಅದು. ಅದಕ್ಕೆ ಪಾರ್ವತೆವ್ವನವರು ಮಗನ ಹೆಸರಿನಲ್ಲಿ ಕೊಟ್ಟ ಉತ್ತರ: ‘ನೀವು ಆಡದಿದ್ರೂ ಅವರಿಗೆ ಗೊತ್ತಿರತದ. ನಮ್ಮ ಮನ್ಯಾಗೂ ಹಂಗs.’

ಒಂದು ಗುಟುಕು ನೀರು ಕುಡಿಯುತ್ತೇನೆ. ನೀವು ಗಡಿಯಾರ ನೋಡಿಕೊಳ್ಳಬೇಡಿ ಅನಂತರಾಮು ಅವರೇ, ಇನ್ನು ಸ್ವಲ್ಪವೇ ಇದೆ.

ಈಗ ಶಿಕ್ಷೆಯ ವಿಚಾರ. ಇದೇ ಕಾಯ್ದೆಯಲ್ಲಿ ಎಪ್ಪತ್ತೇಳು ಎ ಎಂಬ ಕಲಂ ಇದೆ. ಮೂರು ವರ್ಷದವರೆಗಿನ ಅಪರಾಧಗಳನ್ನು ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಬಹುದು ಎನ್ನುತ್ತದೆ. ಆದರೆ ಅಪರಾಧ ನಡೆದದ್ದು ಮಕ್ಕಳ ಮೇಲೆ ಅಥವಾ ಹೆಂಗಸಿನ ಮೇಲೆ ಆಗಿದ್ದರೆ ರಾಜಿ ಇಲ್ಲ. ಇದರ ಅರ್ಥವೇನು? ಪಾರ್ವತೆವ್ವನವರು ಬಳಸಿದ್ದು ಮಗನ ಹೆಸರು. ಅವರು ಮಗನ ಜೊತೆ ರಾಜಿ ಮಾಡಿಕೊಳ್ಳಬಹುದು. ಅಪ್ಪ ಬಳಸಿದ್ದು ಮಗಳ ಹೆಸರು, ನಂಬಿಸಿದ್ದು ಒಬ್ಬ ಹೆಂಗಸನ್ನು. ಅಧ್ಯಕ್ಷರೇ, ನಿಮಗೆ ಎರಡೂ ಕಡೆಯಿಂದ ರಾಜಿ ಇಲ್ಲ. ವಂಚಿಸುವ ಉದ್ದೇಶ ಇತ್ತೇ ಇಲ್ಲವೇ ಎಂದು ನಿಮ್ಮ ಪರ ವಕೀಲರು ವಾದಿಸಬಹುದು. ಫೀಸು ಇಲ್ಲದೆ ವಾದಿಸುವ ವಕೀಲರು ನಿಮಗೆ ಗೊತ್ತಿದ್ದಾರೆ, ಆದರೆ ಆಕೆ ಈ ಪ್ರಕರಣದಲ್ಲಿ ದೂರುದಾರಳು.

ನಾನು ಎರಡೂ ಖಾತೆ ಮುಚ್ಚಿಸಿದೆ. ಬುದ್ಧಿ ಹೇಳಿದೆ, ಬೈದೆ, ಮತ್ತೆ ಬೈದೆ. ಕಾನೂನಿನ ಪ್ರಕಾರ ನಾನು ಮಾಡಿದ್ದೆಲ್ಲ ಸರಿ. ಅಂದಿನಿಂದ ಅಪ್ಪನ ಫೋನು ಟಿ.ವಿ. ಪಕ್ಕದಲ್ಲಿ ಬೋರಲು ಬಿದ್ದಿದೆ. ವಾಕಿಂಗ್ ನಿಂತಿತು. ಪುಂಡಿಪಲ್ಯಕ್ಕೆ ಮಾತ್ರ ಈಗಲೂ ರಸೆಲ್ ಮಾರುಕಟ್ಟೆಗೆ ಬರುತ್ತಾರೆ. ಅಲ್ಲಿಂದ ನನ್ನ ಆಫೀಸಿಗೆ ಎರಡು ಗಲ್ಲಿ. ಮೇಲೆ ಹತ್ತಿ ಬರುವುದಿಲ್ಲ.

“ಅವರಿಗೆ ಫೋನ್ ಮಾಡಿ ಮಾತಾಡಿ ಅಪ್ಪಾ, ನಾನೇನೂ ಬೇಡ ಅನ್ನಲ್ಲ” ಎಂದು ನಾನೇ ಒಂದು ದಿನ ಹೇಳಿದೆ.

“ಯಾವ ಮುಖ ಇಟ್ಕೊಂಡು ಮಾತಾಡ್ಲಿ, ಐಶು? ಇಲ್ಲಿತನಕ ನಿನ್ನ ಮುಖ ಇಟ್ಕೊಂಡು ಮಾತಾಡೀನಿ” ಎಂದರು.

ನನಗೆ ಸಿಟ್ಟು ಬಂತು. ಈಗಲೂ ಬರುತ್ತಿದೆ. ಹೆಂಡತಿ ಹೋದ ನೋವನ್ನು ಒಬ್ಬರ ಹತ್ತಿರ ಹೇಳಿಕೊಳ್ಳಲು ಮಗಳ ಫೋಟೋ ಯಾಕೆ ಬೇಕು? ಪುಂಡಿಪಲ್ಯದ ವಿಳಾಸ ಕೇಳಲು ಮೂವತ್ಮೂರು ವರ್ಷ ಯಾಕೆ ಬೇಕು? ಅರವತ್ತೆಂಟಕ್ಕೆ ಮಾತು ಬೇಕು ಅನ್ನಿಸುವುದು ತಪ್ಪು ಅಂತ ಯಾವ ಕಾಯ್ದೆ ಹೇಳಿದೆ? ನಾನು ಹುಡುಕಿದ್ದೇನೆ. ಇಲ್ಲ.

ನಾನು ಬರೆದ ದೂರು ಇನ್ನೂ ನನ್ನ ಚೀಲದಲ್ಲಿದೆ. ಇನ್ಸ್‌ಪೆಕ್ಟರ್ ಸಾಹೇಬರೂ ಕೈಗೆಟುಕುವಷ್ಟು ಹತ್ತಿರದಲ್ಲಿದ್ದಾರೆ. ಅದನ್ನು ಕೊಡುವುದೋ ಹರಿಯುವುದೋ ಎಂಬುದು ಮುಂದಿನ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಯಾಕೆಂದರೆ ನನ್ನ ನಂತರ ಇರುವುದು ಅಧ್ಯಕ್ಷರ ಭಾಷಣ. ಬಡಾವಣೆಯ ಇತಿಹಾಸದ ಬಗ್ಗೆ ಎಂಟು ಪುಟ ಬರೆದುಕೊಂಡು ಬಂದಿದ್ದಾರೆ. ಅಪ್ಪಾ, ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಮೂರನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಒಬ್ಬರು ಕೂತಿದ್ದಾರೆ. ಪಕ್ಕದಲ್ಲಿ ಅವರ ಮಗ. ಬಡಾವಣೆಯ ಕಾರ್ಯಕ್ರಮ, ಬನ್ನಿ ಎಂದು ಕರೆದದ್ದು ನಾನು, ನನ್ನ ಸ್ವಂತ ಹೆಸರಿನಲ್ಲಿ. ಯಾರು ಕರೆಯುತ್ತಿದ್ದಾರೆ ಎಂದು ಚೆನ್ನಾಗಿ ತಿಳಿದೇ ಬಂದಿದ್ದಾರೆ. ಮೈಕಿನ ಮುಂದೆ ನಿಂತು ನಿಮ್ಮ ಹೆಸರು ಹೇಳಿ, ವಯಸ್ಸು ಹೇಳಿ. ಆಮೇಲೆ ಏನು ಹೇಳಬೇಕೆಂದು ನಾನು ಬರೆದುಕೊಡುವುದಿಲ್ಲ.

ಹೇಳಿ ಮುಗಿಸಿದ ಮೇಲೆ ನನಗಾಗಿ ಕಾಯಿರಿ. ಇವತ್ತು ನಾನು ಬೇಗ ಮನೆಗೆ ಬರುತ್ತೇನೆ, ಇಬ್ಬರೂ ಕೂತು ಮಾತಾಡೋಣ. ಇದು ನನ್ನ ಹೇಳಿಕೆ. ನಾನೇ ಹೇಳುತ್ತಿದ್ದೇನೆ, ಬೇಕಾದರೆ ಸಹಿ ಹಾಕಿಕೊಡುತ್ತೇನೆ.

ಮಾತಾಡಲು ಅವಕಾಶ ಕೊಟ್ಟ ಸಂಘಕ್ಕೂ, ಇಷ್ಟು ಹೊತ್ತು ಫೋನ್ ಬಿಟ್ಟು ತಲೆಯೆತ್ತದ ಇನ್ಸ್‌ಪೆಕ್ಟರ್ ಸಾಹೇಬರಿಗೂ, ಊಟ ಆರುತ್ತಿದ್ದರೂ ಎದ್ದು ಹೋಗದ ನಿಮಗೂ ಧನ್ಯವಾದಗಳು. ಮೂರನೆಯ ಸಾಲಿನ ಒಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ನನ್ನ ನಮಸ್ಕಾರ. ಅವರಿಗೆ ಸಲ್ಲಬೇಕಾದ ನಮಸ್ಕಾರವನ್ನು ಅಧ್ಯಕ್ಷರೇ ಹೇಳುತ್ತಾರೆ.