ಸಕ್ಕರೆ ಅಚ್ಚು ಮುರಿದರೆ ಯಾರ ಕೈ?

ಅಮ್ಮಂದಿರೇ, ಸಂಕ್ರಾಂತಿ ಬಂತಲ್ಲ. ಸಕ್ಕರೆ ಅಚ್ಚು ಮನೆಯಲ್ಲೇ ಎರೆಯುವವರು ಯಾರು ಯಾರಿದ್ದೀರಿ, ಕೈ ಎತ್ತಿ ನೋಡೋಣ. ಸಾಕು ಸಾಕು, ಇಳಿಸಿ. ಉಳಿದವರು ಅಂಗಡಿಯಿಂದ ತಂದು ಮನೆಯಲ್ಲೇ ಮಾಡಿದ್ದು ಅಂತ ಹೇಳುವವರು. ನನಗೆ ಗೊತ್ತು, ನಗಬೇಡಿ. ಇವತ್ತಿನ ಪ್ರವಚನದಲ್ಲಿ ದಯೆಯ ವಿಷಯ ಮಾತಾಡುತ್ತಿದ್ದೆನಲ್ಲ, ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಕೊನೆಯವರೆಗೂ ಕೂತಿರಬೇಕು. ಮಧ್ಯದಲ್ಲಿ ಎದ್ದು ಹೋದರೆ, ಈ ಕಥೆ ನಿಮ್ಮ ಮನೆಯದೇ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಒಂದು ಊರು. ಅಲ್ಲೊಬ್ಬ ಶ್ರೀಮಂತ. ಅವನ ಮನೆಯ ಸಕ್ಕರೆ ಅಚ್ಚಿಗೆ ಇಡೀ ಬೀದಿ ಕಾಯುತ್ತಿತ್ತು. ಗಿಳಿ, ಆನೆ, ತುಳಸಿಕಟ್ಟೆ, ಗೋಪುರ, ಒಂದೊಂದೂ ಹಾಲಿನಷ್ಟು ಬಿಳಿ. ಹಬ್ಬದ ಸಂಜೆ ಯಜಮಾನಿ ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ಎಳ್ಳು ಬೀರಲು ಹೊರಟರೆ ಮನೆಮನೆಯಲ್ಲೂ ಒಂದೇ ಮಾತು: "ಏನ್ ಕೈ ರೀ ನಿಮ್ದು!" ಯಜಮಾನಿ ನಕ್ಕು ಸುಮ್ಮನಾಗುತ್ತಿದ್ದಳು.

ನಿಜವಾಗಿ ಮಾಡುತ್ತಿದ್ದವರು ಯಾರು? ಯಜಮಾನನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕುವವಳು ಅವಳು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆಯುವವಳು ಅವಳು. ಹೊಗೆಯಲ್ಲಿ ಕಣ್ಣುರಿಸಿಕೊಂಡು ಎರೆಯುವವಳು ಅವಳು. ಬೀರುವುದಕ್ಕೆ ಮಾತ್ರ ಅವಳು ಬೇಡ! ವಿಧವೆಯಲ್ಲವೇ, ಹಬ್ಬದ ಸಂಜೆ ಒಳಕೋಣೆಯಲ್ಲಿರಬೇಕು. ನೋಡಿ, ಅವಳ ಕೈಯ ಸಿಹಿ ಬೇಕು, ಅವಳ ಮುಖ ಬೇಡ. ಇದು ಯಾವ ಊರಿನ ನ್ಯಾಯ ಸ್ವಾಮಿ?

ಒಂದು ವರ್ಷ ಅಚ್ಚು ಕೆಟ್ಟಿತು. ಹಬ್ಬದ ಬೆಳಿಗ್ಗೆಯೇ ಯಜಮಾನನಿಗೆ ಅವಸರ. ಪೇಟೆಯ ದೊಡ್ಡ ಮನುಷ್ಯರಿಗೆ ಬೇಗ ಕಳಿಸಬೇಕಿತ್ತು. ಅಡುಗೆಮನೆಗೆ ನುಗ್ಗಿದವನೇ, "ಇಷ್ಟ್ ಸಣ್ಣ ಉರೀಲಿ ಯಾವ ಕಾಲಕ್ಕಾಗತ್ತೆ ಇದು?" ಅಂತ ತಾನೇ ಒಲೆಗೆ ಸೌದೆ ತುರುಕಿದ. ತಂಗಿ ಬೇಡ ಬೇಡ ಅನ್ನುವಷ್ಟರಲ್ಲಿ ಪಾಕ ಕುದಿದು ಹದ ಮೀರಿತ್ತು. ಎರೆದ ಅಚ್ಚು ಬಿಚ್ಚಿದರೆ ಸಕ್ಕರೆ ಮರಳಿನಂತೆ ಉದುರುತ್ತದೆ. ಆನೆಗೆ ಸೊಂಡಿಲಿಲ್ಲ, ಗಿಳಿಗೆ ಕೊಕ್ಕಿಲ್ಲ, ಗೋಪುರ ಅರ್ಧಕ್ಕೇ ಮುರಿದಿದೆ. ಬಾಣಲೆಯಲ್ಲಿ ಉಳಿದದ್ದು ಕಲ್ಲಾಗಿ ಕೂತಿದೆ.

ಯಜಮಾನಿ ಬಂದು ನೋಡಿದಳು. "ಅದಕ್ಕೇ ನಾನ್ ಬಡ್ಕೊಂಡಿದ್ದು, ಹಬ್ಬದ ಕೆಲಸಕ್ಕೆ ಇವಳ ಕೈ ಬೇಡ ಅಂತ. ಇನ್ಮೇಲೆ ಒಲೆ ಹತ್ರ ಬರ್ಬೇಡ ನೀನು. ಅದನ್ನೆಲ್ಲ ತಗೊಂಡ್ ಹೋಗಿ ತಿಪ್ಪೆಗೆ ಸುರಿ."

ಕೇಳಿದಿರಾ? ಚೆನ್ನಾಗಿ ಬಂದಷ್ಟು ವರ್ಷ ಅದು ಯಜಮಾನಿಯ ಕೈ. ಕೆಟ್ಟ ದಿನ ಅದು ತಂಗಿಯ ಕೈ. ಸೌದೆ ತುರುಕಿದ ಕೈಯನ್ನು ಯಾರೂ ಕೇಳಲಿಲ್ಲ, ಅದು ಯಜಮಾನನದಲ್ಲವೇ!

ಆ ತಂಗಿ ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡೇ ಬದುಕಿದವಳು. ಅವತ್ತು ತಗ್ಗಿಸಲಿಲ್ಲ.

"ಕೆಟ್ಟಿದ್ದು ನನ್ನ ಕೈಯಿಂದ ಅಂತೀರಲ್ಲ ಅತ್ತಿಗೆ, ಆಗ್ಲಿ. ಇದನ್ನ ಸರಿ ಮಾಡಿದ್ರೆ ಅದೂ ನನ್ನ ಕೈಯೇ ತಾನೇ? ಹಾಗಾದ್ರೆ ಸಂಜೆ ತಟ್ಟೆ ಹಿಡ್ಕೊಂಡ್ ಹೋಗೋಳೂ ನಾನೇ."

"ಹುಚ್ಚು ಹಿಡೀತಾ ನಿಂಗೆ? ಜನ ಏನಂತಾರೆ?" ಅಂದ ಅಣ್ಣ.

"ಏನಂತಾರೋ ಕೇಳ್ಕೊಂಡೇ ಬರ್ತೀನಿ ಅಣ್ಣ. ಈಗ ನೀನು ಒಲೆ ಹತ್ರದಿಂದ ಏಳು."

ಸೊಂಡಿಲಿಲ್ಲದ ಆನೆ, ಮುರಿದ ಗೋಪುರ, ಉದುರಿದ ಪುಡಿ, ಎಲ್ಲವನ್ನೂ ಬಾಣಲೆಗೆ ಸುರಿದು, ಮುಳುಗುವಷ್ಟು ನೀರು ಹೊಯ್ದಳು. ಸೌದೆಯನ್ನು ಹಿಂದಕ್ಕೆಳೆದಳು. ಸಕ್ಕರೆ ಮೆಲ್ಲಗೆ ಕರಗಿತು. ಒಂದಿಷ್ಟು ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದಳು. ಆಮೇಲೆ ಸ್ವಲ್ಪ ಸ್ವಲ್ಪವೇ ಕಾಯಿಸಿ, ತಿರುವಿ, ಬೆಳ್ಳಗೆ ನೊರೆಗಟ್ಟುತ್ತಿದ್ದಂತೆ ಅಚ್ಚಿಗೆ ಎರೆದಳು. ನೋಡಿ, ಕೆಟ್ಟದ್ದು ಪಾಕ, ಸಕ್ಕರೆಯಲ್ಲ. ತಿಪ್ಪೆಗೆ ಸುರಿ ಅನ್ನುವ ಬಾಯಿಗೆ ಇದು ತಿಳಿಯುವುದಿಲ್ಲ. ಅಚ್ಚು ಬಿಚ್ಚಿದರೆ ಆನೆಗೆ ಸೊಂಡಿಲು ಬಂದಿತ್ತು.

ಸಂಜೆಯಾಯಿತು. ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲ್ಲ ತಟ್ಟೆಗೆ ಬಂತು. ಯಜಮಾನಿ ಕೈ ಚಾಚಿದಳು. ತಂಗಿ ಕೊಡಲಿಲ್ಲ. ಬಾಗಿಲಿಗಡ್ಡ ನಿಂತಿದ್ದ ಅಣ್ಣನನ್ನು ಬಳಸಿಕೊಂಡು ಬೀದಿಗೆ ಇಳಿದೇಬಿಟ್ಟಳು.

ಎದುರು ಮನೆಯಾಕೆ ಬಾಗಿಲು ತೆಗೆದವಳು ಹಾಗೇ ನಿಂತಳು. "ಇದೇನಮ್ಮ, ನೀನ್ ಬಂದೆ? ನಿಮ್ಮತ್ತಿಗೆ ಬರ್ಲಿಲ್ವಾ?"

"ಇದು ಅತ್ತಿಗೆ ಮಾಡಿದ್ದಲ್ಲ, ನಾನ್ ಮಾಡಿದ್ದು. ಇಷ್ಟು ವರ್ಷ ನೀವು ತಿಂದಿದ್ದೂ ನನ್ನ ಕೈದೇ. ಏನಾದ್ರೂ ಕೆಟ್ಟದ್ದಾಯ್ತಾ ನಿಮ್ಮನೇಲಿ?"

ಈಗ ಆ ಮನೆಯಾಕೆ ಏನು ಮಾಡಿದಳು? ಕಣ್ಣೀರು ಹಾಕಿ, ಸೆರಗೊಡ್ಡಿ ತೆಗೆದುಕೊಂಡಳು ಅಂತ ನಾನು ಹೇಳಬೇಕು ಅಂತ ಕಾಯುತ್ತಿದ್ದೀರಿ. ಹೇಳಿದರೆ ನೀವೂ ಕಣ್ಣೊರೆಸಿಕೊಂಡು, ಎಂಥಾ ಪ್ರವಚನ ಅಂದುಕೊಂಡು, ನೆಮ್ಮದಿಯಾಗಿ ಹೋಗಿ ಮಲಗುತ್ತೀರಿ. ನಾನು ಹೇಳುವುದಿಲ್ಲ. ಅವಳು ಬಾಗಿಲು ಹಾಕಿಕೊಂಡಳು.

ತಂಗಿ ಮನೆಗೆ ವಾಪಸ್ಸು ಹೋದಳೇ? ಇಲ್ಲ. ತಟ್ಟೆ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಆ ಪಕ್ಕದ ಮನೆ ಯಾರದು? ಹಿಂದೆ ತಿರುಗಿ ನೋಡಬೇಡಿ ತಾಯಿ, ನಿಮ್ಮದೇ. ಅವಳು ನಿಮ್ಮ ಹೊಸ್ತಿಲಲ್ಲಿ ನಿಂತಿದ್ದಾಳೆ.

ಮುಂದಿನ ಸಾಲಿನ ಹಿರಿಯರು ತಲೆ ಅಲ್ಲಾಡಿಸುತ್ತಿದ್ದಾರೆ, ಇದು ಶಾಸ್ತ್ರವಲ್ಲ ಅಂತ. ಯಜಮಾನರೇ, ಅವಳು ಬೇಯಿಸಿದ್ದನ್ನು ಉಣ್ಣುವಾಗ ಎಲ್ಲಿಟ್ಟಿದ್ದಿರಿ ಆ ಶಾಸ್ತ್ರವನ್ನು? ನನಗೆ ಸಿಟ್ಟು ಬರುತ್ತದೆ. ಬರಲಿ, ಇಂಥದ್ದಕ್ಕೆ ಬರದ ಸಿಟ್ಟು ಮತ್ತೆ ಯಾತಕ್ಕೆ ಬರಬೇಕು?

ಈ ಹಬ್ಬಕ್ಕೆ ನೀವು ಮಾಡಬೇಕಾದ್ದು ಹೇಳುತ್ತೇನೆ. ನಿಮ್ಮ ಒಳಕೋಣೆಯಲ್ಲಿ ಅಕ್ಕನೋ, ಚಿಕ್ಕಮ್ಮನೋ, ಸೊಸೆಯೋ ಹೀಗೆ ಕೂತಿದ್ದರೆ ಎಳ್ಳಿನ ತಟ್ಟೆಯನ್ನು ಅವರ ಕೈಗೆ ಕೊಟ್ಟು ಕಳಿಸಿ. ಯಾರು ಮಾಡಿದ್ದು ಅಂತ ಕೇಳಿದವರಿಗೆ ಮಾಡಿದವರ ಹೆಸರು ಹೇಳಿ. ಗಂಡಸರೇ, ಉರಿ ಹೆಚ್ಚು ಮಾಡಿದ್ದು ನೀವಾದರೆ ನಾನೇ ಅಂತ ಬಾಯಿ ಬಿಡಿ. ಇನ್ನು ನಿಮ್ಮ ಬಾಗಿಲಿಗೆ ಅಂಥವಳು ಬಂದರೆ ಒಳಗೆ ಕರೆದು, ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಅವಳ ಎದುರಿಗೇ ಆ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಿ. ಯಾರಾದರೂ ಆಕ್ಷೇಪಿಸಿದರೆ ನನ್ನ ಹತ್ತಿರ ಕಳಿಸಿ. ಸಂಕ್ರಾಂತಿಯ ದಿನ ಈ ಮಠದಲ್ಲಿ ಮೊದಲ ಎಳ್ಳನ್ನು ನಾನು ಅಂಥವರ ಕೈಯಿಂದಲೇ ತೆಗೆದುಕೊಳ್ಳುವವನು. ಅದನ್ನು ನೋಡಲಾಗದವರು ಅವತ್ತು ಇಲ್ಲಿಗೆ ಬರುವುದು ಬೇಡ.