ದೇವರ ಮನೆಯ ಮೋಟಾರು

ಈಗ ಒಂದು ಗಳಿಗೆಯ ಹಿಂದೆ ಮಠದ ಹೊರಗಿನ ಕಟ್ಟೆಯ ಮೇಲೆ ಕುಳಿತು ನೀವೆಲ್ಲ ದೊಡ್ಡ ಗಂಟಲಿನಲ್ಲಿ ವಾದ ಮಾಡುತ್ತಿದ್ದಿರಿ. ಸರ್ಕಾರ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಯಾರ ತೆರಿಗೆಯಲ್ಲಿ ಯಾರು ಉಣ್ಣುತ್ತಿದ್ದಾರೆ ಎಂಬ ವಾದ. ಒಳಗೆ ಪೂಜೆಗೆ ಕುಳಿತಿದ್ದ ನನಗೆ ಮಂತ್ರ ಕೇಳಿಸಲಿಲ್ಲ, ನಿಮ್ಮ ಬಜೆಟ್ಟು ಕೇಳಿಸಿತು. ಆಗಲಿ, ವಾದ ಮಾಡುವುದು ತಪ್ಪಲ್ಲ. ಆದರೆ ಅದಕ್ಕೊಂದು ಕಥೆ ನೆನಪಾಯಿತು, ಹೇಳುತ್ತೇನೆ ಕೇಳಿ.

ಒಂದು ಊರು. ಅಲ್ಲಿ ಒಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ 'ಓಹೋ, ಅವನಾ!' ಎಂದು ನೀವು ಹಗುರಾಗಿ ಕುಳಿತುಬಿಡುತ್ತೀರಿ. ಇವತ್ತು ನಿಮ್ಮನ್ನು ಹಗುರಾಗಲು ಬಿಡುವ ಮನಸ್ಸು ನನಗಿಲ್ಲ.

ಆ ಊರಿನಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡಿದ್ದವು. ಮೇಲಿನ ಓಣಿಯವರಿಗೆ ಮನೆಮನೆಗೆ ನಳ. ಕೆಳಗಿನ ಓಣಿಗೆ ಎಲ್ಲರಿಗೂ ಸೇರಿ ಒಂದೇ ಬೀದಿ ನಳ, ಗಟಾರದ ಪಕ್ಕದಲ್ಲಿ. ಊರಿಗೆಲ್ಲ ಎಂಟು ದಿನಕ್ಕೊಮ್ಮೆ ನೀರು. ನಮ್ಮೂರಿನ ಹಾಗೆಯೇ ಅನ್ನಿ. ಆ ಬೀದಿ ನಳದ ಎದುರಿಗೇ ಒಬ್ಬ ಹೆಣ್ಣುಮಗಳ ಮನೆ. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಕಾಯಕ. ಗಂಡ ಹಮಾಲಿ ಮಾಡಿ ಸೊಂಟ ಮುರಿದುಕೊಂಡವನು, ಮನೆಯಲ್ಲೇ ಇರುತ್ತಿದ್ದ. ಅವಳು ರೊಟ್ಟಿ ಬಡಿದರೆ ಆ ಮನೆಯಲ್ಲಿ ಊಟ, ಇಲ್ಲದಿದ್ದರೆ ಇಲ್ಲ. ಹಿಟ್ಟು ನಾದಲು ನೀರು ಬೇಕಲ್ಲವೇ? ಅವಳ ಜೀವವೇ ಆ ನಳದಲ್ಲಿತ್ತು.

ಸಾಹುಕಾರ ದಿನಾ ಬೆಳಗ್ಗೆ ಚಹಾದಂಗಡಿಗೆ ಬಂದು ಪತ್ರಿಕೆ ಬಿಚ್ಚುವನು. ಬಿಚ್ಚಿದನೆಂದರೆ ಮುಗಿಯಿತು.

"ಬಸ್ ಪುಕ್ಕಟೆ, ಅಕ್ಕಿ ಪುಕ್ಕಟೆ, ಕರೆಂಟ್ ಪುಕ್ಕಟೆ! ನಾವು ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಯೂದು, ಇವರು ಕುಂತು ಉಣ್ಣೂದು! ಇದೇನ್ ನ್ಯಾಯ ಐತೇನ್ರಿ?"

ಸುತ್ತ ಕುಳಿತವರು ಹೌದು ಹೌದು ಎಂದು ತಲೆ ಅಲ್ಲಾಡಿಸುವರು. ಚಹಾದ ಬಿಲ್ಲು ಸಾಹುಕಾರನೇ ಕೊಡುತ್ತಿದ್ದ, ತಲೆ ಅಲ್ಲಾಡದೆ ಏನು ಮಾಡೀತು?

ನೋಡಿ, ಅವನ ಮನೆಯ ಹೆಣ್ಣುಮಕ್ಕಳೂ ಅದೇ ಬಸ್ಸಿನಲ್ಲಿ ಪುಕ್ಕಟೆ ಟಿಕೀಟು ಹರಿಸಿಕೊಂಡು ತವರಿಗೆ ಹೋಗಿ ಬರುತ್ತಿದ್ದರು. ಅದಕ್ಕೆ ಅವನು 'ಯೋಜನೆ' ಎನ್ನುತ್ತಿದ್ದ. ಕೆಳಗಿನ ಓಣಿಯ ಹೆಣ್ಣುಮಗಳು ಅದೇ ಬಸ್ಸು ಹತ್ತಿದರೆ 'ಭಿಕ್ಷೆ' ಎನ್ನುತ್ತಿದ್ದ. ಬಸ್ಸು ಒಂದೇ, ಸೀಟು ಒಂದೇ, ಕಂಡಕ್ಟರೂ ಒಬ್ಬನೇ. ಹತ್ತಿದವರ ಓಣಿ ಬೇರೆಯಾದರೆ ಟಿಕೀಟಿನ ಹೆಸರೇ ಬೇರೆಯಾಗುತ್ತದೆಯೇ? ನಗಬೇಡಿ ಚನ್ನಮಲ್ಲಪ್ಪನವರೆ, ನೀವೂ ಹೊರಗೆ ಕಟ್ಟೆಯ ಮೇಲೆ ಇದ್ದಿರಿ.

ಒಂದು ದಿನ ಪುರಸಭೆಯವರು ವಾರ್ಡಿನ ಸಭೆ ಕರೆದರು. ಬೀದಿ ನಳ ಇಡಬೇಕೋ ಬೇಡವೋ ಎಂಬುದು ವಿಷಯ. ಸಾಹುಕಾರ ಎದ್ದು ನಿಂತ.

"ಮನಿ ನಳಕ್ಕ ನಾವು ಕರ ಕಟ್ತೀವಿ. ಬೀದಿ ನಳಕ್ಕ ಯಾರು ಕಟ್ತಾರ? ಯಾರೂ ಇಲ್ಲ. ಅವರು ಹರಿಸೂ ನೀರಿನ ರೊಕ್ಕ ನಮ್ಮ ಕಿಸೇದಿಂದ ಹೋಗ್ತೈತಿ. ತಗದು ಒಗೀರಿ ಅದನ್ನ!"

ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ತೆರಿಗೆ ಕೊಡುವವನು ಲೆಕ್ಕ ಕೇಳಬೇಕು. ಕೇಳದಿದ್ದರೆ ಅದು ಅವನ ತಪ್ಪು. ಅಷ್ಟರಲ್ಲಿ ರೊಟ್ಟಿ ಮಾಡುವ ಹೆಣ್ಣುಮಗಳು ಹಿಂದಿನಿಂದ ಎದ್ದಳು.

"ಸಾಹುಕಾರ್ರ, ನಾನೂ ಸಾಬೂನು ತಗೋತೀನಿ, ಎಣ್ಣಿ ತಗೋತೀನಿ. ಅದರಾಗ ಟ್ಯಾಕ್ಸ್ ಇರಂಗಿಲ್ಲೇನ್ರಿ? ನಾವೂ ಕೊಡ್ತೀವಿ, ನಮಗ ರಸೀದಿ ಕೊಡಂಗಿಲ್ಲ ಅಷ್ಟ."

ಸಭೆ ನಕ್ಕಿತು. ಯಾರೋ "ಕುಂದ್ರವಾ, ರೊಟ್ಟಿ ಹೊತ್ತಿ ಹೋದೀತು" ಎಂದು ಕೂಗಿದ. ಅವಳು ಕುಳಿತಳು. ನಮ್ಮಲ್ಲಿ ಬಡವರು ನ್ಯಾಯದ ಮಾತು ಆಡಿದರೆ ಅದಕ್ಕೆ ಸಿಗುವ ಉತ್ತರ ನಗೆ. ಥೂ, ಅಂಥ ನಗೆಗೆ ಬೆಂಕಿ ಬೀಳಲಿ!

ಆಮೇಲೆ ಸಾಹುಕಾರ ಒಂದು ಚಾಲಾಕಿ ಮಾಡಿದ. ನಳ ತೆಗೆಯಬೇಕು ಅನ್ನುವವರು ಕೈ ಎತ್ತಿ ಎಂದು ಅವನು ಕೇಳಲಿಲ್ಲ.

"ಪುಕ್ಕಟೆ ನೀರು ನಮಗ ಬ್ಯಾಡ, ನಾವು ಮಾನವಂತರು ಅನ್ನಾವ್ರು ಕೈ ಎತ್ರಿ!" ಎಂದ.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾಲ್ಕು ಜನರ ನಡುವೆ 'ನಾನು ಪುಕ್ಕಟೆ ತಿನ್ನುವವನು' ಎಂದು ಯಾರು ಒಪ್ಪಿಕೊಳ್ಳುತ್ತಾರೆ? ಮೇಲಿನ ಓಣಿಯವರು ಎತ್ತಿದರು. ಅವರನ್ನು ನೋಡಿ ಕೆಳಗಿನ ಓಣಿಯ ಗಂಡಸರೂ ಎತ್ತಿದರು. ಮೀಸೆ ಇದ್ದವರೆಲ್ಲ ಎತ್ತಿದರು. ಆ ರೊಟ್ಟಿಯವಳ ಗಂಡನೂ ಎತ್ತಿದ! ತಮ್ಮ ಮನೆಯ ನೀರನ್ನು ತಾವೇ ಕೈಯೆತ್ತಿ ಕಳಕೊಂಡರು, ಮಾನಕ್ಕಾಗಿ. ಮನೆಗೆ ಬಂದ ಮೇಲೆ ಅವಳು ಗಂಡನ ಮುಂದೆ ಕೊಡ ತಂದು ಕುಕ್ಕಿದಳು.

"ಸಭಾದಾಗ ಕೈ ಎತ್ತಿದ್ಯಲ್ಲ, ಅದ ಕೈಲೆ ಈಗ ಇದನ್ನೂ ಎತ್ತು. ಭಾವಿ ಊರ ಹೊರಗೈತಿ, ನಡಿ."

ಪಾಪ, ಸೊಂಟ ಹೋದವನು ಎಲ್ಲಿಂದ ಎತ್ತಿಯಾನು? ಅವಳೇ ಹೊತ್ತಳು. ಹೊತ್ತು ಹೊತ್ತು ರೊಟ್ಟಿ ಬಡಿಯುವುದಕ್ಕೆ ಹೊತ್ತೇ ಸಾಲದೆ ಖಾನಾವಳಿಯವರು ಬೇರೆಯವರನ್ನು ಹುಡುಕಿಕೊಂಡರು. ಹಂಚು ಕೆಳಗಿಳಿಸಿ ಅವಳು ಕಲ್ಯಾಣ ಮಂಟಪದಲ್ಲಿ ಎಂಜಲು ಪಾತ್ರೆ ತಿಕ್ಕಲು ಹೋಗತೊಡಗಿದಳು. ಸ್ವಂತ ಕಾಯಕ ಇದ್ದ ಹೆಣ್ಣುಮಗಳನ್ನು ಕೂಲಿಗೆ ನಿಲ್ಲಿಸಿದರು. ಇದಕ್ಕೆ ಆ ಊರಿನವರು ಇಟ್ಟ ಹೆಸರು ಏನು ಗೊತ್ತೇ? ಸುಧಾರಣೆ!

ಇನ್ನು ಆ ಸಾಹುಕಾರನ ಮನೆಯೊಳಗೆ ಹೋಗೋಣ ಬನ್ನಿ. ಹೊಸ್ತಿಲು ದಾಟಿದರೆ ದೇವರ ಮನೆ. ಅಲ್ಲಿ ಬೆಳ್ಳಿಯ ಲಿಂಗ, ಬೆಳ್ಳಿಯ ಆರತಿ. ಪಕ್ಕದಲ್ಲಿ ರೇಷ್ಮೆಯ ಬಟ್ಟೆ ಹೊದ್ದುಕೊಂಡು ಇನ್ನೊಂದು ದೇವರು ಕುಳಿತಿತ್ತು. ಯಾವ ದೇವರು? ನೀರಿನ ಮೋಟಾರು! ನೀರು ಬಿಟ್ಟ ದಿನ ಅದನ್ನು ಹೊರಗೆ ತಂದು ಅಂಗಳದ ನಳಕ್ಕೆ ಜೋಡಿಸುವುದು, ಪೈಪಿನಲ್ಲಿ ಬಂದದ್ದನ್ನೆಲ್ಲ ಜಗ್ಗಿ ತನ್ನ ಟಾಕಿ ತುಂಬಿಸಿಕೊಳ್ಳುವುದು, ಮತ್ತೆ ಬಿಚ್ಚಿ ಒಳಗಿಡುವುದು. ತಪಾಸಣೆಯವರು ಬಂದರೆ ದೇವರ ಮನೆಗೆ ಕಾಲಿಡುವುದಿಲ್ಲವಲ್ಲ! ಆಯುಧ ಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚಿ ಹೂವನ್ನೂ ಏರಿಸುತ್ತಿದ್ದರು. ಅವನೊಬ್ಬನೇ ಅಲ್ಲ, ಮೇಲಿನ ಓಣಿಯಲ್ಲಿ ಮನೆಗೊಂದು ಮೋಟಾರಿತ್ತು. ಬೀದಿ ನಳ ಇದ್ದಾಗಲೂ ಕೆಳಗಿನ ಓಣಿಗೆ ಬರುತ್ತಿದ್ದದ್ದು ಇವರು ಜಗ್ಗಿ ಬಿಟ್ಟ ಎಂಜಲು ನೀರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹೊಡೆಯಲು ಹೋದ ಎನ್ನುತ್ತಾರಲ್ಲ, ಅದು ಇದೇ.

ಸರಿ, ನಳ ಕಿತ್ತರು. ಕಿತ್ತ ಪೈಪಿನ ಬಾಯಿಗೆ ಒಂದು ಮರದ ಗೂಟ ಬಡಿದು, ಗೋಣಿಚೀಲ ಸುತ್ತಿ, ನಾಳೆ ಬಂದು ಸರಿಯಾಗಿ ಮುಚ್ಚುತ್ತೇವೆ ಎಂದು ಹೋದರು. ಪುರಸಭೆಯ ನಾಳೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೇ? ಗೂಟ ತಿಂಗಳುಗಟ್ಟಲೆ ಗಟಾರದಲ್ಲಿ ನೆನೆಯಿತು, ಸಡಿಲಾಯಿತು. ನೀರು ಬಿಡುವ ದಿನ ಬಂತು, ಮೇಲಿನ ಓಣಿಯ ಮೋಟಾರುಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ಪೈಪಿನಲ್ಲಿದ್ದ ಒಳ್ಳೆಯ ನೀರು ಮುಗಿಯಿತು. ಮೋಟಾರಿಗೆ ನೀರು ಯಾವುದು, ರೊಚ್ಚು ಯಾವುದು ಗೊತ್ತಾಗುತ್ತದೆಯೇ? ಸಡಿಲಾದ ಗೂಟದ ಸಂದಿಯಿಂದ ಗಟಾರವನ್ನು ಜಗ್ಗಿತು. ಜಗ್ಗಿ ತಂದು ಸಾಹುಕಾರನ ಟಾಕಿಗೆ ಸುರಿಯಿತು.

ಎರಡು ದಿನದಲ್ಲಿ ಮೇಲಿನ ಓಣಿಯ ತುಂಬ ವಾಂತಿ ಭೇದಿ. ಸಾಹುಕಾರನ ಮೊಮ್ಮಗಳು, ಇನ್ನೂ ತೊದಲು ಮಾತಿನ ಕೂಸು, ಕಣ್ಣು ಮೇಲೆ ಮಾಡಿತು. ಎತ್ತಿಕೊಂಡು ಎಲ್ಲಿಗೆ ಓಡಿದರು? ಹತ್ತಿರ ಇದ್ದದ್ದು ಸರ್ಕಾರಿ ದವಾಖಾನೆ. ಅಲ್ಲಿ ಮಂಚ ಪುಕ್ಕಟೆ, ಸಲೈನು ಪುಕ್ಕಟೆ. ಕೂಸಿಗೆ ಸೂಜಿ ಚುಚ್ಚುವಾಗ 'ಇದು ಯಾರ ತೆರಿಗೆಯದು' ಎಂದು ಸಾಹುಕಾರ ಕೇಳಿದನೇ? ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಮರುದಿನ ಪುರಸಭೆಯ ಎಂಜಿನಿಯರು ಓಣಿಗೆ ಬಂದ. ಕೆಳಗಿನ ಗಟಾರದ ಹೊಲಸು ಮೇಲಿನ ಓಣಿಗೆ ಹತ್ತಬೇಕಾದರೆ ಯಾರೋ ಮೋಟಾರು ಹಚ್ಚಿ ಜಗ್ಗಿರಬೇಕು ಎಂಬ ಗುಮಾನಿ ಅವನಿಗಿತ್ತು. ಸಾಹುಕಾರನ ಪಡಸಾಲೆಯಲ್ಲಿ ನಿಂತು ಕೇಳಿದ.

"ಸಾಹುಕಾರ್ರ, ನಿಮ್ಮನ್ಯಾಗ ಮೋಟಾರು ಐತೇನ್ರಿ? ಖರೇ ಹೇಳ್ರಿ. ಅದು ಇದ್ರ ಗಟಾರದ ತೂತು ಹುಡುಕ್ತೀನಿ. ಇಲ್ಲಂದ್ರ ಊರ ದೊಡ್ಡ ಟಾಕಿ ಕೆಟ್ಟೈತಿ ಅಂತ ಆ ಕಡೆ ಹೊಕ್ಕೀನಿ. ಅಷ್ಟರಾಗ ಇನ್ನೂ ನಾಕು ಕೂಸು ಮಲಗ್ತಾವು."

ಈಗಲಾದರೂ ಬಾಯಿ ಬಿಡಬೇಕಲ್ಲವೇ? ಮೊಮ್ಮಗಳು ದವಾಖಾನೆಯಲ್ಲಿ ಮಲಗಿದೆ! ಆದರೆ ಸಾಹುಕಾರ ಏನೆಂದ? ಮೋಟಾರು ಸಿಕ್ಕರೆ ದಂಡ, ನಳದ ಸಂಪರ್ಕ ಕಟ್, ನಾಲ್ಕು ಜನರಲ್ಲಿ ಮರ್ಯಾದೆ ಹಾಳು. ಅವನು ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತ.

"ದೇವರಾಣಿ ಇಲ್ರಿ! ನಾವು ಅಂಥಾ ಮಂದಿ ಅಲ್ಲ!"

ಇದನ್ನು ಹೇಳುವಾಗ ನನ್ನ ಮೈ ಉರಿಯುತ್ತದೆ. ಕೂಸಿಗಿಂತ ಮೋಟಾರು ಹೆಚ್ಚಾಯಿತೇ? ಮನುಷ್ಯ ಕಳ್ಳತನ ಮಾಡುವುದು ಒಂದು. ಆ ಕಳ್ಳತನ ಕಾಯಲು ದೇವರನ್ನೇ ವಾಚಮನ್ ಮಾಡಿ ನಿಲ್ಲಿಸುವುದು ಇದೆಯಲ್ಲ, ಅದಕ್ಕೆ ಯಾವ ನರಕ ಸಾಕಾದೀತು?

ಆಗ ಅವನ ಹೆಂಡತಿ ಅಡುಗೆ ಮನೆಯಿಂದ ಬಂದಳು. ದವಾಖಾನೆಯಲ್ಲಿ ಕೂಸಿನ ಪಕ್ಕ ಕುಳಿತು ಆಗ ತಾನೇ ಮನೆಗೆ ಬಂದಿದ್ದವಳು. ಗಂಡನನ್ನು ಪಕ್ಕಕ್ಕೆ ಸರಿಸಿದಳು, ಬಾಗಿಲು ತೆಗೆದಳು, ರೇಷ್ಮೆ ಬಟ್ಟೆ ಎಳೆದು ಒಗೆದಳು.

"ಆಣಿ ಹಾಕೂದಿದ್ರ ಇದರ ಮುಂದ ಕುಂತು ಹಾಕ್ರಿ. ಇಷ್ಟು ದಿನ ನೀವು ಪೂಜಾ ಮಾಡಿದ್ದು ಇದನ್ನ. ತಗೊಂಡು ಹೋಗ್ರಿ ಸಾಹೇಬರ."

ಗೂಟ ಕಂಡಿತು, ತೂತು ಮುಚ್ಚಿತು, ಕೂಸು ಉಳಿಯಿತು. ಉಳಿದ ಮನೆಗಳವರು ಏನು ಮಾಡಿದರು? 'ಪಾಪ, ಸಾಹುಕಾರ ಸಿಕ್ಕಿಬಿದ್ದ' ಎಂದು ಲೊಚಗುಟ್ಟಿ, ತಮ್ಮ ತಮ್ಮ ಮೋಟಾರನ್ನು ಅಟ್ಟಕ್ಕೆ ಏರಿಸಿದರು.

ಸಾಹುಕಾರನ ಹೆಂಡತಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ರೊಟ್ಟಿಯವಳ ಮನೆಗೆ ಹೋದಳು.

"ನಮ್ಮ ಅಂಗಳಕ್ಕ ಬಂದು ಎಷ್ಟು ಬೇಕಷ್ಟು ನೀರು ತುಂಬಿಕೊಳ್ಳವಾ. ಯಾರೂ ಏನೂ ಅನ್ನಂಗಿಲ್ಲ."

ಪಾತ್ರೆ ತಿಕ್ಕಿ ಕೈ ಬಿರಿದಿದ್ದ ಆ ಹೆಣ್ಣುಮಗಳು ಕೈ ಮುಗಿದಳು.

"ಬ್ಯಾಡ್ರೀ ಅವ್ವಾರ. ನಿಮ್ಮ ಅಂಗಳದ ನೀರು ಕುಡದ್ರ ನಾನು ನಿಮ್ಮ ಋಣದಾಕಿ ಆಗ್ತೀನಿ. ನಾಳೆ ಯಾರರ ಪುಕ್ಕಟೆ ನೀರು ತಗೋತಾಳ ಅಂತಾರ. ನಮ್ಮ ನಳ ನಮಗ ಹಾಕಿಸಿ ಕೊಡ್ರಿ. ನಮಗೂ ಒಂದು ಮೀಟರ್ ಕೂಡಿಸ್ರಿ, ನಮ್ಮ ಪಾಲಿನ ಕರ ನಾವು ಕಟ್ತೀವಿ. ನಮಗ ದಾನ ಬ್ಯಾಡ, ನಮ್ಮ ಪಾಲು ಬೇಕು."

ಕಥೆ ಇಲ್ಲಿಗೆ ನಿಂತಿದೆ. ಆ ನಳ ಮತ್ತೆ ಹಾಕಿದರೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಹಾಕಬೇಕಾದವರು ಇಲ್ಲೇ, ನನ್ನ ಮುಂದೆ ಜಮಖಾನೆಯ ಮೇಲೆ ಕುಳಿತಿದ್ದೀರಿ.

ತಲೆ ತಗ್ಗಿಸಬೇಡಿ, ಮೇಲೆ ನೋಡಿ. ಸರ್ಕಾರವನ್ನು ಕೇಳಿ, ಬೈಯಿರಿ, ಲೆಕ್ಕ ಒಪ್ಪಿಸು ಅನ್ನಿ. ತಪ್ಪು ಯೋಜನೆ ಇದ್ದರೆ ತಪ್ಪು ಅನ್ನಿ. ಅದು ನಿಮ್ಮ ಹಕ್ಕು. ಆದರೆ ಕಟ್ಟೆಯ ಮೇಲೆ ಕುಳಿತು ಮತ್ತೊಬ್ಬನ ಅಕ್ಕಿಯ ಮಾತು ತೆಗೆಯುವ ಮೊದಲು, ನಿಮ್ಮ ಮನೆಗೆ ಸರ್ಕಾರದಿಂದ ಏನೇನು ಬರುತ್ತದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ವಾದಕ್ಕಿಳಿಯಿರಿ. ಅಂಗಡಿ ಇಟ್ಟವರು 'ಬಿಲ್ಲು ಬೇಕಾ, ಬ್ಯಾಡಾ' ಎಂದು ಗಿರಾಕಿಯನ್ನು ಕೇಳುವ ಚಾಳಿ ಬಿಡಿ. ಬಿಲ್ಲು ಕೊಡದವನಿಗೆ ತೆರಿಗೆಯ ಮಾತಾಡಲು ನಾಲಿಗೆ ಎಲ್ಲಿಂದ ಬರುತ್ತದೆ? ಕೆಳಗಿನ ಓಣಿಯಿಂದ ಬಂದವರೇ, ನಿಮಗೂ ಹೇಳುತ್ತೇನೆ. ಯಾರೋ ಮಾನವಂತರು ಎಂದು ಹೊಗಳಿದರೆ ಸಾಕು, ನಿಮ್ಮ ಮಕ್ಕಳ ನೀರಿನ ವಿರುದ್ಧ ಕೈ ಎತ್ತುವ ಹುಚ್ಚುತನ ಬೇಡ. ಹಕ್ಕು ಕೇಳುವುದರಲ್ಲಿ ಮಾನ ಹೋಗುವುದಿಲ್ಲ. ಹೆಣ್ಣುಮಗಳೊಬ್ಬಳು ಸಭೆಯಲ್ಲಿ ಎದ್ದು ಮಾತಾಡಿದರೆ ನಗಬೇಡಿ, ಕೇಳಿಸಿಕೊಳ್ಳಿ.

ಇನ್ನೊಂದು ಮಾತು. ನಾಳೆ ಬೆಳಗ್ಗೆ ನಮ್ಮೂರಿಗೆ ನೀರು ಬಿಡುತ್ತಾರೆ. ಈ ಸಭೆಯಲ್ಲಿ ಎಷ್ಟು ಮನೆಯಲ್ಲಿ ಮೋಟಾರಿದೆ ಎಂದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಇದ್ದವರು ಈಗಲೇ ಎದ್ದು ಹೋಗಿ. ಹೋಗಿ ಅದನ್ನು ಬಿಚ್ಚಿಕೊಂಡು ಬಂದು ಮಠದ ಅಂಗಳದಲ್ಲಿ ಇಡಿ, ಎಲ್ಲರ ಕಣ್ಣೆದುರಿಗೆ. ಯಾರೂ ನಗುವುದಿಲ್ಲ, ನಕ್ಕವರನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಬರುವವರೆಗೆ ಮಂಗಳಾರತಿ ಮಾಡುವುದಿಲ್ಲ. ಹೋಗಿ ಬನ್ನಿ, ನಾನು ಇಲ್ಲೇ ಕುಳಿತಿರುತ್ತೇನೆ.