ಸುಡದ ಇಟ್ಟಿಗೆಯ ಗೋಡೆ

ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತಿದ್ದ ವರಲಕ್ಷ್ಮಿಯ ಕಿವಿಗೆ ಪಕ್ಕದವರ ಮಾತು ಬಿತ್ತು. ಅವಳ ಮಗಳು ಸೇರಬೇಕಿದ್ದ ಅಕ್ಕೂರಿನ ಅಂಗನವಾಡಿಯನ್ನು ಸುಡದ ಮಣ್ಣಿಟ್ಟಿಗೆಯಲ್ಲಿ ಕಟ್ಟಿಸುತ್ತಿದ್ದ ಇಂಜಿನಿಯರ್ ಅನುಷಾ ಮತ್ತು ಮೇಸ್ತ್ರಿ ಬಾಲರಾಜು ಮಾತಾಡುತ್ತಿದ್ದರು.

"ಕಟ್ಟಡದಿಂದಾಗೋ ಕಾರ್ಬನ್ ಹೊಗೆ ಕಮ್ಮಿ ಮಾಡೋ ತರಬೇತೀಲಿ ನಮ್ಮ ಅಂಗನವಾಡಿ ನಕ್ಷೆ ತೋರಿಸ್ದೆ, ಬಾಲರಾಜಣ್ಣ. ಸೂರು ಗೋಡೆಯಿಂದಾಚೆ ಚಾಚಿರೋದು ಸಾಲ್ದು, ಮಳೆ ನೇರ ಗೋಡೆಗೇ ಹೊಡೆದು ಸುಡದ ಇಟ್ಟಿಗೆ ಕರಗುತ್ತೆ ಅಂದ್ರು ಅಲ್ಲಿನೋರು."

"ನಾಳೆ ಚಾವಣಿ ಹಾಕ್ತಾವ್ರೆ ಮೇಡಂ. ಯಾರ್ಗೂ ಗೊತ್ತಾಗಾಕಿಲ್ಲ, ಬುಡಿ."

"ಆ ಗೋಡೆಗೆ ಒರಗಿ ಕೂರೋದು ಮಕ್ಕಳು."

"ಮಣ್ಣಿನ ಗೋಡೆ ಬ್ಯಾಡ ಅಂತ ಊರೋರು ಮೊದ್ಲೇ ಬಡ್ಕೊಂಡ್ರು. ಈಗ ಏನಂತ ಹೇಳನ?"

"ನಾನು ತಪ್ಪು ಮಾಡ್ದೆ ಅಂತ. ನಾನೇ ಬಂದು ಹೇಳ್ತೀನಿ."

ಅಕ್ಕೂರಿನ ಬಸ್ಸು ಬಂದು ನಿಂತಿತು. ಮಾತು ಎಲ್ಲಿಗೆ ಮುಟ್ಟುತ್ತದೋ ಕೇಳಬೇಕೆಂದು ವರಲಕ್ಷ್ಮಿ ಏಳಲಿಲ್ಲ.

ಬಾಲರಾಜು ಫೋನ್ ತೆಗೆದ. "ಲೇ, ನಾಳೆ ಚಾವಣಿ ಬ್ಯಾಡ ಕಣ್ಲಾ. ಮೇಡಂ ಬತ್ತಾವ್ರೆ."

ಅವರಿಬ್ಬರೂ ಬೈಕಿನತ್ತ ನಡೆದ ಮೇಲೆಯೇ ಅವಳು ಬಸ್ಸು ಹತ್ತಿದ್ದು.